ಫೋಟೊ ಕೆಳಗಿದ್ದ ಎರಡು ಸಾಲು

ಹಳೇ ಫೋಟೊ ತಂದು ಮಗ್ ಮೇಲೆ ಹಾಕಿಸೋರು ನಮ್ಮ ಅಂಗಡಿಗೆ ಬರುತ್ತಲೇ ಇರುತ್ತಾರೆ. ಅಜ್ಜ ಅಜ್ಜಿಯ ಮದುವೆ ಫೋಟೊ, ಹೈಸ್ಕೂಲಿನ ಗ್ರೂಪ್ ಫೋಟೊ, ತೀರಿಕೊಂಡ ತಂದೆಯ ಪಾಸ್‌ಪೋರ್ಟ್ ಸೈಜಿನ ಫೋಟೊ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಅಂಗಡಿ. ಮಗ್, ಟೀ ಶರ್ಟ್, ಕೀ ಚೈನ್, ಫ್ರೇಮ್, ಏನು ಕೇಳಿದರೂ ಮಾಡಿಕೊಡುತ್ತೇವೆ. ಆದರೆ ತನಗೆ ಸಂಬಂಧವೇ ಇಲ್ಲದ, ಯಾವುದೋ ದೇಶದ, ನೂರು ವರ್ಷ ಹಿಂದಿನ ಮಕ್ಕಳ ಫೋಟೊ ತೋರಿಸಿ ಐವತ್ತು ಮಗ್ ಬೇಕು ಅಂದವನು ಈ ಹುಡುಗ ಒಬ್ಬನೇ.

ಬೆಂಗಳೂರು ರಸ್ತೆ ಕಡೆ ಹೊಸದಾಗಿ ಟೀ ಅಂಗಡಿ ತೆರೆಯುತ್ತಿದ್ದ. ಸ್ಟೀಲ್ ಲೋಟ, ಪೇಪರ್ ಕಪ್ ಎಲ್ಲ ಕಡೆ ಇವೆ, ನಮ್ಮಲ್ಲಿ ಮಗ್ ಇರಲಿ, ಮಗ್ ಮೇಲೆ ಹಳೇ ಕಾಲದ ಚಿತ್ರ ಇರಲಿ ಅನ್ನುವುದು ಅವನ ಆಸೆ. ಉದ್ಘಾಟನೆಗೆ ಬಂದ ನೆಂಟರಿಗೂ ಅದನ್ನೇ ಉಡುಗೊರೆ ಕೊಡಬೇಕು. ವಾಟ್ಸ್ಯಾಪಿನಲ್ಲಿ ಮೂರು ಫೋಟೊ ಕಳಿಸಿದ. ಒಂದರಲ್ಲಿ ಪೇಪರ್ ಮಾರುವ ಪುಟ್ಟ ಹುಡುಗ. ಇನ್ನೊಂದರಲ್ಲಿ ಬುಟ್ಟಿ ಮಾರುವ ಹುಡುಗಿ. ಮೂರನೆಯದರಲ್ಲಿ ಮೆಟ್ಟಿಲ ಮೇಲೆ ಪೇಪರ್ ಸಮೇತ ನಿದ್ದೆ ಹೋಗಿರುವ ಹುಡುಗ.

"ಅಕ್ಕಾ, ಎಷ್ಟು ಕ್ಯೂಟ್ ಅದಾರೆ ನೋಡ್ರಿ. ಈ ಮಲಗಿರೋನ ಪಕ್ಕಕ್ಕೆ 'ಒಂದು ಸ್ಟ್ರಾಂಗ್ ಟೀ ಬೇಕು' ಅಂತ ಹಾಕ್ರಿ. ಭಾರಿ ಇರ್ತದೆ."

ಹುಡುಗ ಒಳ್ಳೆಯವನು. ಅಡ್ವಾನ್ಸ್ ಅಲ್ಲೇ ಎಣಿಸಿ ಕೊಟ್ಟ. ಇಂಥ ಆರ್ಡರ್ ನಮ್ಮಂಥವರಿಗೆ ದೊಡ್ಡದೇ. ನಾನು ಬರೆದುಕೊಂಡೆ.

ಕೆಲಸಕ್ಕೆ ಕೂತಾಗ ಮೊದಲು ಎದುರಾದದ್ದು ಫೋಟೊದ ಗುಣಮಟ್ಟ. ಮಾಮೂಲಿ ಮಗ್ ಮೇಲೆ ಪ್ರಿಂಟ್ ಹಾಕೋಕೆ ಸಿಗುವ ಜಾಗ ಸುಮಾರು ಇಪ್ಪತ್ತು ಸೆಂಟಿಮೀಟರ್ ಉದ್ದ, ಒಂಬತ್ತು ಸೆಂಟಿಮೀಟರ್ ಎತ್ತರ. ಅಷ್ಟಕ್ಕೆ ಚೆನ್ನಾಗಿ ಬರಬೇಕು ಅಂದರೆ ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ ಅಗಲವೇ 2,300 ಪಿಕ್ಸೆಲ್ ಮೇಲಿರಬೇಕು. ಇವನು ಕಳಿಸಿದ್ದು ಎಷ್ಟು ಕೈ ದಾಟಿ ಬಂದಿತ್ತೋ. ದೊಡ್ಡದು ಮಾಡಿದರೆ ಮುಖವೆಲ್ಲ ಚೌಕ ಚೌಕ. ಹಾಗಾಗಿ ಅದೇ ಫೋಟೊವನ್ನು ಗೂಗಲ್‌ನಲ್ಲಿ ಹಾಕಿ, ಇದರ ಒಳ್ಳೆಯ ಕಾಪಿ ಎಲ್ಲಾದರೂ ಇದೆಯಾ ಅಂತ ಹುಡುಕಿದೆ.

ಮೊದಲಿಗೆ ಸಿಕ್ಕಿದ್ದೆಲ್ಲ ಮಾರಾಟದ ಪುಟಗಳೇ. ಮಗ್, ದಿಂಬಿನ ಕವರ್, ಮೊಬೈಲ್ ಕವರ್, ಗೋಡೆ ಚಿತ್ರ, ಎಲ್ಲದರ ಮೇಲೂ ಇದೇ ಮಕ್ಕಳು. ಯಾವುದರಲ್ಲೂ ಇವರು ಯಾರು, ಯಾವ ಊರು ಅಂತ ಒಂದು ಸಾಲೂ ಇಲ್ಲ. ಹುಡುಕುತ್ತಾ ಹೋದರೆ ಕೊನೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬಂತು. ಅದು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಇದ್ದ ಹಾಗೆ. ಮೂರೂ ಫೋಟೊ ಅಲ್ಲಿದ್ದವು. ದೊಡ್ಡ ಟಿಫ್ ಫೈಲ್, ಪುಕ್ಕಟೆ. ಬಳಸೋಕೆ ಯಾವ ನಿರ್ಬಂಧವೂ ತಿಳಿದಿಲ್ಲ ಅಂತ ಅಲ್ಲೇ ಬರೆದಿದ್ದರು. ನಮ್ಮ ಕಾಪಿರೈಟ್ ಕಾಯ್ದೆಯಲ್ಲೂ ಫೋಟೊ ಪ್ರಕಟವಾಗಿ 60 ವರ್ಷ ಕಳೆದರೆ ಹಕ್ಕು ಮುಗಿಯುತ್ತದೆ. ಅಂದರೆ ಪ್ರಿಂಟ್ ಹಾಕೋಕೆ ಯಾರ ತಕರಾರೂ ಇಲ್ಲ.

ಆದರೆ ಅಲ್ಲಿ ಪ್ರತಿ ಫೋಟೊದ ಕೆಳಗೂ ಒಂದೆರಡು ಸಾಲು ಇತ್ತು. ಫೋಟೊ ತೆಗೆದವರೇ ಬರೆದಿಟ್ಟ ಸಾಲು.

ಪೇಪರ್ ಹುಡುಗನದು 1910ರ ಫೋಟೊ, ಊರು ಸೇಂಟ್ ಲೂಯಿಸ್. ವಯಸ್ಸು ಐದು ವರ್ಷ, ಎತ್ತರ 41 ಇಂಚು. ಪ್ರಾಣದ ಹಂಗು ಬಿಟ್ಟು ಓಡುತ್ತಿರುವ ಟ್ರಾಮ್ ಹತ್ತಿ ಇಳಿಯುತ್ತಾನೆ ಅಂತ ಬರೆದಿದೆ. ಬುಟ್ಟಿ ಹುಡುಗಿಯದು 1908ರ ಆಗಸ್ಟ್, ಸಿನ್ಸಿನಾಟಿ ಊರಿನ ಸಂತೆ. ಫೋಟೊ ತೆಗೆದಾಗ ರಾತ್ರಿ ಒಂಬತ್ತು ಗಂಟೆ. ಬೆಳಗ್ಗೆ ಹತ್ತರಿಂದ ಅಲ್ಲೇ ನಿಂತಿದ್ದಾಳೆ. ಮಲಗಿದ ಹುಡುಗನದು 1912, ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿ.

41 ಇಂಚು ಅನ್ನೋದನ್ನ ಓದಿ ನಾನು ಟೇಪ್ ತಗೊಂಡು ನಮ್ಮ ಅಂಗಡಿಯ ಕೌಂಟರ್ ಅಳೆದೆ. 42 ಇಂಚು ಬಂತು. ಆ ಹುಡುಗ ಕೌಂಟರಿನ ಆಚೆ ನಿಂತಿದ್ದರೆ ನನಗೆ ಅವನ ತಲೆಗೂದಲೂ ಕಾಣುತ್ತಿರಲಿಲ್ಲ. ಅಷ್ಟು ಪುಟ್ಟ ಮಗು ಟ್ರಾಮ್ ಹತ್ತಿ ಇಳಿದು ಪೇಪರ್ ಮಾರುತ್ತಿತ್ತು. ಆಮೇಲೆ ಪ್ರಿಂಟರ್ ಆನ್ ಮಾಡೋಕೆ ಮನಸ್ಸು ಬರಲಿಲ್ಲ. ಅವತ್ತು ರಾತ್ರಿ ಕೂತು ಈ ಫೋಟೊ ತೆಗೆದವರ ಬಗ್ಗೆ ಓದಿದೆ.

ಅವರ ಹೆಸರು ಲೂಯಿಸ್ ಹೈನ್. ಹುಟ್ಟಿದ್ದು 1874ರಲ್ಲಿ. ನ್ಯೂಯಾರ್ಕಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಮಕ್ಕಳ ದುಡಿಮೆ ನಿಲ್ಲಿಸಬೇಕು ಅಂತ 1904ರಲ್ಲಿ ಅಲ್ಲಿ ನ್ಯಾಷನಲ್ ಚೈಲ್ಡ್ ಲೇಬರ್ ಕಮಿಟಿ ಅನ್ನುವ ಸಂಸ್ಥೆ ಶುರುವಾಗಿತ್ತು. 1908ರಲ್ಲಿ ಹೈನ್ ಮೇಷ್ಟ್ರ ಕೆಲಸ ಬಿಟ್ಟು ಈ ಸಂಸ್ಥೆಯ ಫೋಟೊಗ್ರಾಫರ್ ಆದರು. ಹತ್ತಿ ಗಿರಣಿ, ಕಲ್ಲಿದ್ದಲು ಗಣಿ, ಗಾಜಿನ ಕಾರ್ಖಾನೆ, ಹೊಲ, ಸಂತೆ, ಬೀದಿ ಎಲ್ಲ ಕಡೆ ತಿರುಗಿದರು. ಆ ಸಂಸ್ಥೆಗಾಗಿ ತೆಗೆದ ಐದು ಸಾವಿರಕ್ಕೂ ಹೆಚ್ಚು ಫೋಟೊಗಳು ಈಗ ಆ ಗ್ರಂಥಾಲಯದಲ್ಲಿವೆ.

ಕಾರ್ಖಾನೆಯವರು ಇವರನ್ನು ಒಳಗೆ ಬಿಡುತ್ತಿರಲಿಲ್ಲ. ಅದಕ್ಕೆ ಒಮ್ಮೆ ಬೈಬಲ್ ಮಾರುವವರಾಗಿ, ಒಮ್ಮೆ ಪೋಸ್ಟ್ ಕಾರ್ಡ್ ಮಾರುವವರಾಗಿ ಒಳಗೆ ಹೋಗುತ್ತಿದ್ದರು. ಯಾರಿಗೂ ಗೊತ್ತಾಗದ ಹಾಗೆ ಜೇಬಿನೊಳಗೆ ಕೈ ಇಟ್ಟುಕೊಂಡೇ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಮಗುವಿನ ಎತ್ತರ ಅಳೆಯೋಕೆ ತಮ್ಮ ಕೋಟಿನ ಗುಂಡಿಗಳನ್ನೇ ಗುರುತು ಮಾಡಿಕೊಂಡಿದ್ದರು. ಎಷ್ಟನೇ ಗುಂಡಿಯ ತನಕ ಮಗುವಿನ ತಲೆ ಬರುತ್ತದೆ ಅಂತ ನೋಡಿದರೆ ಎತ್ತರ ಸಿಕ್ಕಿತು. ವಯಸ್ಸಿನ ವಿಚಾರದಲ್ಲಿ ಮಾಲೀಕರು ಸುಳ್ಳು ಹೇಳುತ್ತಿದ್ದರು, ಎಷ್ಟೋ ಸಲ ತಂದೆ ತಾಯಿಯೂ ಹೇಳುತ್ತಿದ್ದರು. ಎತ್ತರಕ್ಕೆ ಸುಳ್ಳು ಹೇಳೋಕಾಗಲ್ಲ ಅಲ್ವಾ?

ಹಾಗೆ ಹೆದರಿ ಹೆದರಿ ಬರೆದಿಟ್ಟ ಸಾಲು ಅದು. ಫೋಟೊ ಎಷ್ಟು ಮುಖ್ಯವೋ ಅದೂ ಅಷ್ಟೇ ಮುಖ್ಯ. ಮಗ್ ಮಾರುವವರು ಫೋಟೊ ಇಟ್ಟುಕೊಂಡು ಸಾಲು ತೆಗೆದುಹಾಕಿದ್ದಾರೆ. ಸಾಲು ಹೋದ ಕೂಡಲೇ ರಾತ್ರಿ ಒಂಬತ್ತರ ತನಕ ನಿಂತ ಹುಡುಗಿ ಸುಮ್ನೆ ಬುಟ್ಟಿ ಹಿಡಿದ ಮುದ್ದು ಹುಡುಗಿ ಆಗಿಬಿಡುತ್ತಾಳೆ.

ಹೈನ್ ತೆಗೆದ ಫೋಟೊಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ ಇನ್ನೊಂದು ವಿಷಯ ಹೊಳೆಯಿತು. ಗಣಿಯ ಮಕ್ಕಳ ಫೋಟೊ ಯಾರೂ ಮಗ್ ಮೇಲೆ ಹಾಕಲ್ಲ. ಕಲ್ಲಿದ್ದಲ ಮಸಿ ಬಳಿದುಕೊಂಡ ಮುಖ ನೋಡಿದರೆ ಯಾರಿಗಾದರೂ ಸಂಕಟ ಆಗುತ್ತದೆ. ಬೀದಿಯಲ್ಲಿ ಮಾರುವ ಮಕ್ಕಳು ಹಾಗಲ್ಲ. ಟೋಪಿ ಇದೆ, ಬಿಸಿಲಿದೆ, ಕೆಲವರ ಮುಖದಲ್ಲಿ ನಗುವೂ ಇದೆ. ಮಾರುವವರು ನಗಲೇಬೇಕು, ಇಲ್ಲದಿದ್ದರೆ ವ್ಯಾಪಾರ ಆಗಲ್ಲ. ಅಂಗಡಿಯಲ್ಲಿ ಕೂತ ನನಗೆ ಇದು ಚೆನ್ನಾಗಿ ಗೊತ್ತು. ಆ ನಗುವನ್ನೇ ನೋಡಿ ನಾವು ಮಕ್ಕಳು ಖುಷಿಯಾಗಿದ್ದಾರೆ ಅಂದುಕೊಳ್ಳುತ್ತೇವೆ.

ಆ ಕಾಲದ ಅಮೆರಿಕದವರೂ ಹಾಗೇ ಅಂದುಕೊಂಡಿದ್ದರು. ಪೇಪರ್ ಮಾರುವ ಹುಡುಗರನ್ನು ಕೂಲಿಯವರು ಅಂತ ಕರೆಯುತ್ತಿರಲಿಲ್ಲ, ಪುಟ್ಟ ವ್ಯಾಪಾರಿಗಳು ಅನ್ನುತ್ತಿದ್ದರು. ಸ್ವಂತ ಕಾಲ ಮೇಲೆ ನಿಲ್ಲೋದನ್ನ ಕಲಿಯುತ್ತಿದ್ದಾರೆ ಅಂತ ಹೊಗಳುತ್ತಿದ್ದರು. 1916ರಲ್ಲಿ ಮಕ್ಕಳ ದುಡಿಮೆಯ ವಿರುದ್ಧ ಇಡೀ ದೇಶಕ್ಕೆ ಒಂದು ಕಾನೂನು ಬಂದಾಗ ಅದು ಗಣಿ, ಕಾರ್ಖಾನೆಯಂಥ ಕಡೆ ತಯಾರಾದ ಸರಕಿಗಷ್ಟೇ ಅನ್ವಯವಾಗುತ್ತಿತ್ತು. ಬೀದಿಯ ಮಕ್ಕಳು ಅದರಲ್ಲಿ ಇರಲೇ ಇಲ್ಲ. ಅದನ್ನೂ ಅಲ್ಲಿನ ಸುಪ್ರೀಂ ಕೋರ್ಟ್ 1918ರಲ್ಲಿ ರದ್ದು ಮಾಡಿತು. ಗಟ್ಟಿಯಾಗಿ ನಿಂತ ಕಾನೂನು ಬಂದಿದ್ದು 1938ರಲ್ಲಿ. ಅದರಲ್ಲೂ ಮನೆ ಮನೆಗೆ ಪೇಪರ್ ಹಾಕುವ ಮಕ್ಕಳಿಗೆ 1949ರಲ್ಲಿ ವಿನಾಯಿತಿ ಕೊಟ್ಟರು. 1938ರ ಕಾನೂನು ಬಂದ ಮೇಲೆ ಹೈನ್ ಎರಡೇ ವರ್ಷ ಬದುಕಿದ್ದು. 1940ರಲ್ಲಿ ಬಡತನದಲ್ಲೇ ತೀರಿಕೊಂಡರು.

ನಮ್ಮಲ್ಲಿ 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. ಆದರೂ ಟೀ ಅಂಗಡಿ, ಹೋಟೆಲ್, ಧಾಬಾ, ಮನೆಗೆಲಸಕ್ಕೆ 14 ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳಬಾರದು ಅಂತ ಆಗಿದ್ದು 2006ರ ಅಕ್ಟೋಬರ್ 10ರಿಂದ. ಅಲ್ಲಿಯವರೆಗೆ ಲೋಟ ತೊಳೆಯುವ ಹುಡುಗ ಇಲ್ಲದ ಟೀ ಅಂಗಡಿಯನ್ನು ನಾನಂತೂ ನೋಡಿರಲಿಲ್ಲ. 2016ರ ತಿದ್ದುಪಡಿಯಲ್ಲಿ 14ರೊಳಗಿನವರಿಗೆ ಎಲ್ಲ ಬಗೆಯ ಕೆಲಸಕ್ಕೂ ನಿಷೇಧ ಬಂತು. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆಯ ಕಸುಬಿಗೆ ನೆರವಾಗಬಹುದು ಅಂತ ಒಂದು ಬಾಗಿಲು ಬಿಟ್ಟಿದ್ದಾರೆ. ತರಕಾರಿ ಗಾಡಿ ಹಿಂದೆ ನಿಂತ ಮಗು ನೆರವಾಗುತ್ತಿದೆಯೋ ದುಡಿಯುತ್ತಿದೆಯೋ ಹೇಳೋದು ಹೇಗೆ? ಬೀದಿಯ ಮಕ್ಕಳು ಅಲ್ಲೂ ಇಲ್ಲೂ ಕಾನೂನಿನ ಅಂಚಿನಲ್ಲೇ ಉಳಿದುಬಿಟ್ಟಿದ್ದಾರೆ ಅಂತ ನನಗನ್ನಿಸುತ್ತದೆ.

ಮಾರನೇ ದಿನ ಹುಡುಗನಿಗೆ ಫೋನ್ ಮಾಡಿದೆ. "ತಮ್ಮಾ, ಒಂದು ಸಲ ಅಂಗಡಿಗೆ ಬಾ, ಫೋಟೊ ಬಗ್ಗೆ ಮಾತಾಡಬೇಕು" ಅಂದೆ. ರೇಟ್ ಜಾಸ್ತಿ ಕೇಳ್ತೀನಿ ಅಂದುಕೊಂಡನೋ ಏನೋ, ಜೊತೆಗೆ ಅವರಪ್ಪನನ್ನೂ ಕರೆದುಕೊಂಡು ಬಂದ.

ಕಂಪ್ಯೂಟರಿನಲ್ಲಿ ಬುಟ್ಟಿ ಹುಡುಗಿಯ ದೊಡ್ಡ ಫೈಲ್ ತೆರೆದು ಇಬ್ಬರಿಗೂ ತೋರಿಸಿದೆ. ಕೆಳಗಿನ ಸಾಲನ್ನು ಕನ್ನಡದಲ್ಲಿ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಆಗಿನ ಕಾಲ ಬಿಡ್ರಿ ಅಕ್ಕಾ. ಟೀ ಕುಡಿಯೋರು ಇದೆಲ್ಲಾ ಓದ್ತಾರಾ? ಓದಿದ್ರೂ ಟೀ ಕುಡಿಯೋ ಮೂಡ್ ಹೋಗ್ತದೆ" ಅಂದ. ಅವನ ಮಾತಲ್ಲೂ ಅರ್ಥ ಇತ್ತು. ದುಡ್ಡು ಹಾಕಿ ಅಂಗಡಿ ತೆರೆಯುವವನು ಅವನು. ಬಂದ ಗಿರಾಕಿಗೆ ಬೇಜಾರು ಮಾಡಿ ಕಳಿಸೋಕಾಗುತ್ತಾ?

ಅವರಪ್ಪ ಅಲ್ಲಿಯವರೆಗೆ ಏನೂ ಮಾತಾಡಿರಲಿಲ್ಲ. ಕನ್ನಡಕ ಹಾಕಿಕೊಂಡು ಪರದೆಗೆ ಮುಖ ಹತ್ತಿರ ತಂದು ನೋಡಿದರು. ಆಮೇಲೆ ಹುಡುಗಿಯ ಕೈ ತೋರಿಸಿದರು.

"ಬುಟ್ಟಿ ನೋಡಮ್ಮಾ. ರಾತ್ರಿ ಒಂಬತ್ತಾದ್ರೂ ಇನ್ನಾ ಕೈಯಾಗೆ ಅದಾವೆ. ಮಾರಿ ಮುಗಿಸಿದ್ರೆ ಮನೀಗೆ ಹೋಗಿರ್ತಿದ್ಲು. ಉಳಿದ ಮಾಲು ಹೊತ್ಕೊಂಡು ಮನೀಗೆ ಹೋಗಾಕೆ ಅಂಜಿಕಿ ಇರ್ತದೆ."

ನಾನು ಆ ಫೋಟೊವನ್ನು ಅದೆಷ್ಟು ಹೊತ್ತು ನೋಡಿದ್ದೆ. ಬುಟ್ಟಿ ಇನ್ನೂ ಮಾರಾಟವಾಗಿಲ್ಲ ಅನ್ನೋದು ನನಗೆ ಕಂಡಿರಲಿಲ್ಲ. ಅದು ಮಾರಿದವರಿಗೇ ಕಾಣಬೇಕು.

ಆಮೇಲೆ ಅವರೇ ಹೇಳಿದರು. ಸಣ್ಣವರಿದ್ದಾಗ ಬಳ್ಳಾರಿ ರೈಲ್ವೆ ಸ್ಟೇಷನ್ನಿನಲ್ಲಿ ಶೇಂಗಾ ಮಾರುತ್ತಿದ್ದರಂತೆ. ಹುರಿದ ಶೇಂಗಾ ತಂತಿ ಬುಟ್ಟಿಯಲ್ಲಿ ಹಾಕಿಕೊಂಡು, ಪೇಪರ್ ಪೊಟ್ಟಣ ಕಟ್ಟಿ, ಗಾಡಿ ನಿಂತಷ್ಟು ಹೊತ್ತಿನಲ್ಲಿ ಎಲ್ಲ ಕಿಟಕಿಗೂ ಕೊಡಬೇಕು. ಗಾಡಿ ಹೊರಟ ಮೇಲೆ ಕಿಟಕಿಯ ಒಳಗಿನವರು ಕಾಸು ಕೊಡದೆ ಕೈ ಆಡಿಸಿದರೆ ಪ್ಲಾಟ್‌ಫಾರ್ಮ್ ಮುಗಿಯುವ ತನಕ ಓಡಬೇಕು. ಶಾಲೆ ಮೂರನೇ ಕ್ಲಾಸಿಗೆ ನಿಂತಿತು. ಮಗನಿಗೆ ಇದೆಲ್ಲ ಅಲ್ಪಸ್ವಲ್ಪ ಗೊತ್ತಿತ್ತು. ಗಾಡಿ ಹಿಂದೆ ಓಡಿದ್ದು ಗೊತ್ತಿರಲಿಲ್ಲ. ಅವನು ಅಪ್ಪನ ಮುಖವನ್ನೇ ನೋಡುತ್ತಾ ನಿಂತ.

"ಅಕ್ಕಾ, ಆ ಟೀ ಬೇಕು ಅನ್ನೋದು ಬ್ಯಾಡ. ತೆಗೀರಿ" ಅಂತ ಅವನೇ ಹೇಳಿದ. ಮೂರೂ ಫೋಟೊದ ಕೆಳಗೆ ಹೈನ್ ಬರೆದ ಸಾಲು ಕನ್ನಡದಲ್ಲಿ ಹಾಕೋದು ಅಂತ ತೀರ್ಮಾನವಾಯಿತು.

ಸಾಲು ಎಲ್ಲಿ ಹಾಕೋದು ಅನ್ನೋದಕ್ಕೂ ಯೋಚನೆ ಬೇಕಾಯಿತು. ಮಗ್‌ನ ಒಂದು ಮಗ್ಗುಲಿಗೆ ಚಿತ್ರ, ಇನ್ನೊಂದು ಮಗ್ಗುಲಿಗೆ ಬರಹ ಹಾಕೋದು ವಾಡಿಕೆ. ನೋಡೋಕೂ ಚೆಂದ. ಆದರೆ ಈಗ ಜನ ಟೀ ಕುಡಿಯೋಕೂ ಮೊದಲು ಮಗ್‌ನ ಫೋಟೊ ತೆಗೆದು ಸ್ಟೇಟಸ್ ಹಾಕುತ್ತಾರೆ. ಬರಹ ಹಿಂದುಗಡೆ ಇದ್ದರೆ ಫೋಟೊ ಮತ್ತೆ ಸಾಲು ಕಳೆದುಕೊಂಡು ಊರೆಲ್ಲ ತಿರುಗುತ್ತದೆ. ಅದಕ್ಕೇ ಚಿತ್ರವನ್ನು ಹಿಡಿಕೆಯ ನೇರ ಎದುರಿಗೆ ಇಟ್ಟೆ. ಅದರ ಅಡಿಗೇ, ಅದೇ ಚೌಕಟ್ಟಿನ ಒಳಗೆ ಸಾಲು. ಚಿತ್ರ ಸ್ವಲ್ಪ ಚಿಕ್ಕದಾಯಿತು, ಆಗಲಿ.

ಕನ್ನಡ ಅಕ್ಷರ ಮಗ್ ಮೇಲೆ ಇಳಿಸೋದು ಸಲೀಸಲ್ಲ. ನಾವು ಬಳಸುವುದು ಸಬ್ಲಿಮೇಶನ್ ಶಾಯಿ. ಮೊದಲು ಕಾಗದದ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುವು ಮುರುವು ಪ್ರಿಂಟ್ ತೆಗೆಯುತ್ತೇವೆ. ಅದನ್ನು ಮಗ್‌ಗೆ ಸುತ್ತಿ, ಶಾಖ ತಡೆಯುವ ಟೇಪ್ ಅಂಟಿಸಿ, ಮಗ್ ಪ್ರೆಸ್ಸಿನಲ್ಲಿ ಇಡುತ್ತೇವೆ. 180 ಡಿಗ್ರಿ ದಾಟಿದ ಮೇಲೆ ಶಾಯಿ ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಮಗ್‌ನ ಮೇಲಿರುವ ಪಾಲಿಯೆಸ್ಟರ್ ಲೇಪನದೊಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಉಜ್ಜಿದರೂ ಹೋಗಲ್ಲ. ಆದರೆ ಆವಿ ಅಂದ ಮೇಲೆ ಕೂದಲೆಳೆಯಷ್ಟಾದರೂ ಹರಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅದರಿಂದ ತೊಂದರೆ ಇಲ್ಲ. ನಮ್ಮ ಒತ್ತಕ್ಷರ ತೀರಾ ಸಣ್ಣದಾದರೆ ಹೊಟ್ಟೆ ತುಂಬಿಕೊಂಡು ಕಪ್ಪು ಚುಕ್ಕಿ ಆಗಿಬಿಡುತ್ತದೆ. 'ಹತ್ತರಿಂದ' ಅನ್ನೋದರ ತಕಾರ ಒತ್ತು ಓದೋಕೇ ಬರುತ್ತಿರಲಿಲ್ಲ. ಅಕ್ಷರ ದೊಡ್ಡದು ಮಾಡಿದೆ, ಸ್ವಲ್ಪ ತೆಳು ಫಾಂಟ್ ಹಾಕಿದೆ, ಮಾತು ಕಡಿಮೆ ಮಾಡಿದೆ. ಕೊನೆಗೆ ಬುಟ್ಟಿ ಹುಡುಗಿಯ ಕೆಳಗೆ ನಿಂತಿದ್ದು ಇಷ್ಟು: "ಸಿನ್ಸಿನಾಟಿ, ಅಮೆರಿಕ, 1908. ರಾತ್ರಿ 9 ಗಂಟೆ. ಬೆಳಗ್ಗೆ 10ರಿಂದ ಬುಟ್ಟಿ ಮಾರುತ್ತಿದ್ದಾಳೆ. ಫೋಟೊ: ಲೂಯಿಸ್ ಹೈನ್."

ಹೈನ್ ಆ ಮಗುವಿನ ಹೆಸರು, ಮನೆ ನಂಬರ್, ಬೀದಿ ಎಲ್ಲ ಬರೆದಿದ್ದಾರೆ. ಅವರಿಗೆ ಅದು ಸಾಕ್ಷಿ, ಬೇಕಿತ್ತು. ನಾನು ಹೆಸರು ಬಿಟ್ಟೆ. ಜೋ ಮ್ಯಾನಿಂಗ್ ಅನ್ನುವ ಅಮೆರಿಕದ ಲೇಖಕರೊಬ್ಬರು ಹೈನ್ ಫೋಟೊಗಳಲ್ಲಿರುವ ಮಕ್ಕಳ ಮುಂದಿನ ಕಥೆ ಏನಾಯಿತು ಅಂತ ವರ್ಷಗಟ್ಟಲೆ ಹುಡುಕಿ, ಅವರ ಮಕ್ಕಳು ಮೊಮ್ಮಕ್ಕಳನ್ನು ಪತ್ತೆ ಮಾಡಿ ಮಾತಾಡಿಸಿದ್ದಾರೆ. ಎಷ್ಟೋ ಮನೆಯವರಿಗೆ ಅಂಥದ್ದೊಂದು ಫೋಟೊ ಇರುವುದೇ ಗೊತ್ತಿರಲಿಲ್ಲವಂತೆ. ಅಂದರೆ ಅವರ ಕುಟುಂಬದವರು ಇವತ್ತಿಗೂ ಇದ್ದಾರೆ. ಬಳ್ಳಾರಿಯ ಟೀ ಅಂಗಡಿಯ ಮಗ್ ಮೇಲೆ ಅವರಜ್ಜಿಯ ಹೆಸರು ಹಾಕೋಕೆ ನನಗೆ ಏನು ಅಧಿಕಾರ?

ಬಣ್ಣದ್ದೇ ಇನ್ನೊಂದು ರಾಮಾಯಣ. ಕಪ್ಪು ಬಿಳುಪು ಫೋಟೊ ಸಬ್ಲಿಮೇಶನ್‌ನಲ್ಲಿ ತೆಗೆಯೋದು ಬಣ್ಣದ ಫೋಟೊಗಿಂತ ಕಷ್ಟ. ಶಾಖ ಸ್ವಲ್ಪ ಹೆಚ್ಚು ಕಡಿಮೆಯಾದರೂ ಕಪ್ಪು ಬಣ್ಣ ಹಸಿರಿಗೋ ಕಂದಿಗೋ ತಿರುಗುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಪ್ರೆಸ್ ಬಿಸಿಯಾಗೋದೇ ನಿಧಾನ, ಹೊರಗೆ ಕೋಟೆ ಗುಡ್ಡ ಕಾದ ಹೆಂಚಿನ ಹಾಗೆ ಇದ್ದರೂ ಒಳಗೆ ಮಗ್ ಅರ್ಧಂಬರ್ಧ ಬೇಯುತ್ತದೆ. ಬೆಳಗ್ಗೆ ಬೇಗ ಅಂಗಡಿ ತೆರೆದು, ಕರೆಂಟ್ ಚೆನ್ನಾಗಿರುವಾಗಲೇ ಪ್ರೆಸ್ ಹಾಕಿದೆ. ಒಂದೇ ಪಟ್ಟಿಯಲ್ಲಿ ತಿಳಿ ಬೂದಿಯಿಂದ ಕಡುಗಪ್ಪಿನ ತನಕ ಚೌಕಗಳನ್ನು ಪ್ರಿಂಟ್ ಮಾಡಿ, ಡ್ಯಾಮೇಜ್ ಮಗ್‌ಗಳ ಮೇಲೆ ಬೇರೆ ಬೇರೆ ಹೊತ್ತು ಇಟ್ಟು ನೋಡಿದೆ. ಮೂರು ನಿಮಿಷದ ಆಸುಪಾಸಿನಲ್ಲಿ ಸರಿಯಾದ ಬೂದಿ ಬಣ್ಣ ಸಿಕ್ಕಿತು.

ಕಂದು ಬಣ್ಣ ಹಾಕಿಬಿಡಿ, ಹಳೇ ಫೀಲ್ ಬರುತ್ತದೆ ಅಂತ ನಮ್ಮ ಅಂಗಡಿಯ ಹುಡುಗಿ ಹೇಳಿದಳು. ಅದು ಸುಲಭವೂ ಹೌದು, ಬಣ್ಣದ ಏರುಪೇರೆಲ್ಲ ಮುಚ್ಚಿಹೋಗುತ್ತದೆ. ನಾನು ಒಪ್ಪಲಿಲ್ಲ. ಕಂದು ಬಣ್ಣ ಬಳಿದರೆ ಎಲ್ಲವೂ ಸಿಹಿ ನೆನಪಿನ ಹಾಗೆ ಕಾಣುತ್ತದೆ. ಗ್ರಂಥಾಲಯದ ಆ ಸ್ಕ್ಯಾನ್‌ನಲ್ಲಿ ಬಟ್ಟೆಯ ಕೊಳೆ, ಶೂಗಳ ಸುಕ್ಕು ಎಲ್ಲ ಬಿಡಿ ಬಿಡಿಯಾಗಿ ಕಾಣುತ್ತದೆ. ಅದು ಹಾಗೇ ಇರಲಿ ಅಂದೆ.

ಮಗ್‌ಗಳು ತಯಾರಾಗುತ್ತಿದ್ದಾಗ ಹುಡುಗ ಇನ್ನೊಂದು ಫೋಟೊ ಕಳಿಸಿದ. ಬಸ್ ಸ್ಟ್ಯಾಂಡ್ ಹತ್ತಿರ ಪೆನ್ನು ಮಾರುವ ಒಬ್ಬಳು ಹುಡುಗಿ. ಎಂಟೋ ಒಂಬತ್ತೋ ವರ್ಷ ಇರಬೇಕು. ಅವನೇ ತನ್ನ ಮೊಬೈಲಿನಲ್ಲಿ ತೆಗೆದದ್ದು. "ಅಮೆರಿಕದ್ದು ಯಾಕೆ ಅಕ್ಕಾ, ನಮ್ಮೂರಿನದೇ ಹಾಕೋಣ. ಕೆಳಗೆ ಹಂಗೇ ಬರೆಯೋಣ" ಅಂದ. ಅವನ ಮನಸ್ಸು ಒಳ್ಳೆಯದೇ. ಆದರೆ ನಾನು ಆಗಲ್ಲ ಅಂದೆ.

ಹೈನ್ ಫೋಟೊದ ಮಕ್ಕಳು ಈಗ ಇಲ್ಲ. ಈ ಹುಡುಗಿ ನಾಳೆ ಬೆಳಗ್ಗೆ ಅದೇ ಜಾಗಕ್ಕೆ ಬರುತ್ತಾಳೆ. ಟೀ ಕುಡಿದವರು ಯಾರಾದರೂ ಅವಳನ್ನು ಗುರುತು ಹಿಡಿಯಬಹುದು. ಅವಳನ್ನು ಕೇಳಿದವರು ಯಾರು? ಕೇಳಿದರೂ, ಪೆನ್ನು ತಗೊಳ್ಳುತ್ತೀನಿ ಅಂದವರಿಗೆ ಅವಳು ಬೇಡ ಅನ್ನುತ್ತಾಳಾ? 2015ರ ಬಾಲನ್ಯಾಯ ಕಾಯ್ದೆಯೂ ಇದನ್ನೇ ಹೇಳುತ್ತದೆ. ಕಾನೂನು ಮೀರಿ ದುಡಿಯುತ್ತಿರುವ ಮಗು, ಬೀದಿಯಲ್ಲಿ ಬದುಕುವ ಮಗು ಇವರೆಲ್ಲ ರಕ್ಷಣೆ ಬೇಕಾದ ಮಕ್ಕಳು. ಅಂಥವರ ಗುರುತು ಸಿಗುವ ಹೆಸರು, ಫೋಟೊ ಹೊರಗೆ ಬಿಡುವ ಹಾಗಿಲ್ಲ.

"ಫೋಟೊ ಡಿಲೀಟ್ ಮಾಡು. 1098ಕ್ಕೆ ಫೋನ್ ಮಾಡೋಣ" ಅಂದೆ. ಮಕ್ಕಳ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳಲ್ಲ. ಅಂಗಡಿಯಿಂದಲೇ ಸ್ಪೀಕರ್ ಹಾಕಿ ಮಾಡಿದೆವು. ಯಾವ ಜಾಗ, ಯಾವ ಹೊತ್ತಿನಲ್ಲಿ ಇರುತ್ತಾಳೆ, ಅಂದಾಜು ವಯಸ್ಸು ಎಷ್ಟು, ಜೊತೆಗೆ ದೊಡ್ಡವರು ಇರುತ್ತಾರಾ ಅಂತ ಕೇಳಿ ಬರೆದುಕೊಂಡರು. ಕೊನೆಯ ಪ್ರಶ್ನೆಗೆ ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಅವಳ ಸುತ್ತ ಯಾರಿದ್ದಾರೆ ಅಂತ ನಾನು ನೋಡೇ ಇಲ್ಲ ಅಕ್ಕಾ, ಅಂದ. ಫೋಟೊದಲ್ಲೂ ಅವಳ ಮುಖ ಬಿಟ್ಟು ಬೇರೇನೂ ಇರಲಿಲ್ಲ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ದುಡಿಯುವ ಮಕ್ಕಳು ಬೀದಿಯಲ್ಲಿ ಕಾಣುವವರಷ್ಟೇ ಅಲ್ಲ ಅನ್ನೋದು ಇಲ್ಲಿನವರಿಗೆಲ್ಲ ಗೊತ್ತು. ರಾಯಚೂರು, ಕೊಪ್ಪಳ ಕಡೆ ಹತ್ತಿ ಬೀಜದ ಹೊಲಗಳಿಗೆ ಮಕ್ಕಳು ಹೋಗುತ್ತಾರೆ. ನಮ್ಮ ಬಳ್ಳಾರಿ ಜೀನ್ಸಿಗೆ ಹೆಸರಾದ ಊರು. ನಾನೇ ಸಣ್ಣವಳಿದ್ದಾಗ ಅಮ್ಮನ ಪಕ್ಕ ಕೂತು ಪ್ಯಾಂಟಿನ ದಾರ ಕತ್ತರಿಸಿದ್ದೀನಿ. ಶಾಲೆಯಿಂದ ಬಂದ ಮೇಲೆ ಮಾತ್ರ, ಹೋಮ್‌ವರ್ಕ್ ಮುಗಿದ ಮೇಲೆ ಮಾತ್ರ. ಅಮ್ಮ ಅದರಲ್ಲಿ ಬಹಳ ಕಟ್ಟುನಿಟ್ಟು. ಅಮ್ಮ ಹಾಗಿದ್ದಿದ್ದಕ್ಕೇ ನಾನು ಡಿಗ್ರಿ ಮುಗಿಸಿ ಈ ಅಂಗಡಿ ಇಟ್ಟೆ. ಪಕ್ಕದ ಮನೆಯ ನನ್ನ ಗೆಳತಿ ಅದೇ ದಾರ ಕತ್ತರಿಸುತ್ತಾ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು.

ಮಗ್ ತಗೊಂಡು ಹೋಗೋಕೆ ಬಂದ ದಿನ ಹುಡುಗನ ಅಪ್ಪ ಒಂದು ಮಾತು ಕೇಳಿದರು. "ಅಮ್ಮಾ, ನಂದೂ ಒಂದು ಮಾಡಿಕೊಡ್ತೀಯಾ?"

"ಫೋಟೊ ಕೊಡಿ ಕಾಕಾ, ಈಗಲೇ ಮಾಡಿಕೊಡ್ತೀನಿ" ಅಂದೆ.

ಆಗಿನ ಕಾಲದ್ದು ಒಂದೂ ಫೋಟೊ ಇಲ್ಲವಂತೆ. ಅವರ ಮೊದಲ ಫೋಟೊ ಮದುವೆಯದ್ದು. ಶೇಂಗಾ ಮಾರುವ ಹುಡುಗನ ಫೋಟೊ ಯಾರು ತೆಗೆಯುತ್ತಾರೆ? ಕೊನೆಗೆ ಚಿತ್ರದ ಜಾಗದಲ್ಲಿ ಬರೀ ಚೌಕಟ್ಟು ಬಿಟ್ಟು, ಅಡಿಯಲ್ಲಿ ಅವರು ಹೇಳಿದ ಹಾಗೇ ಬರೆದೆ. "ಬಳ್ಳಾರಿ ರೈಲ್ವೆ ಸ್ಟೇಷನ್. ಶೇಂಗಾ ಮಾರುವ ಹುಡುಗ. ವಯಸ್ಸು 9. ಕಾಸಿಗಾಗಿ ಗಾಡಿ ಹಿಂದೆ ಓಡುತ್ತಾನೆ." ಅವರು ಓದಿ, ಸ್ಟೇಷನ್ ಅನ್ನೋದನ್ನ ಟೇಸನ್ ಅಂತ ಮಾಡು ಅಂದರು. ಮಾಡಿಕೊಟ್ಟೆ. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಅಂಗಡಿ ತೆರೆದ ಮೇಲೆ ಒಂದು ಸಂಜೆ ಟೀ ಕುಡಿಯೋಕೆ ಹೋಗಿದ್ದೆ. ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ, ತುಂಬಾ ಜನ ಓದಲ್ಲ. ಓದಿದವರು ಪಕ್ಕದವರಿಗೆ ತೋರಿಸುತ್ತಾರೆ. ಐದು ವರ್ಷದ ಹುಡುಗನ ಮಗ್ ಹಿಡಿದುಕೊಂಡ ಒಬ್ಬರು, 41 ಇಂಚು ಅಂದರೆ ಎಷ್ಟು ಅಂತ ಕೈಯಲ್ಲಿ ಅಂದಾಜು ಮಾಡಿ ಟೇಬಲ್ ಪಕ್ಕ ತೋರಿಸುತ್ತಿದ್ದರು. ಇದು ಬೇಜಾರಿನ ವಿಷಯ, ಬೇರೆ ಮಗ್ ಕೊಡಿ ಅಂದವರೂ ಇದ್ದಾರಂತೆ. ಅವರಿಗೆ ಬಿಳಿ ಮಗ್‌ನಲ್ಲಿ ಕೊಡುತ್ತಾನೆ.

ಅಲ್ಲಿ ಟೀ ಕುಡಿದ ಸರ್ಕಾರಿ ಶಾಲೆಯ ಮೇಡಂ ಒಬ್ಬರು ನಮ್ಮ ಅಂಗಡಿ ವಿಳಾಸ ಕೇಳಿಕೊಂಡು ಬಂದರು. ಜೂನ್ 12 ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನ. ಅವತ್ತು ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳಿಗೆ ಇವೇ ಮಗ್ ಕೊಡಬೇಕಂತೆ, ಹಿಂದುಗಡೆ 1098 ದಪ್ಪ ಅಕ್ಷರದಲ್ಲಿ ಇರಬೇಕಂತೆ. ಮಲಗಿದ ಹುಡುಗನ ಫೋಟೊ ಅವರಿಗೆ ಬೇಡ. ನಮ್ಮ ಕ್ಲಾಸಿನಲ್ಲಿ ಹೀಗೆ ನಿದ್ದೆ ಮಾಡೋ ಮಕ್ಕಳಿದ್ದಾರೆ, ರಾತ್ರಿ ಎಲ್ಲಿ ಕೆಲಸ ಮಾಡಿರ್ತಾರೆ ಅಂತ ನನಗೆ ಗೊತ್ತು, ಅವರನ್ನ ಉಳಿದವರು ಆಡಿಕೊಳ್ಳಬಾರದು ಅಂದರು. ಬುಟ್ಟಿ ಹುಡುಗಿ ಮತ್ತು ಪೇಪರ್ ಹುಡುಗ, ಎರಡೇ ಸಾಕು. ಪೇಪರ್ ಹುಡುಗನ ಸಾಲಿನಲ್ಲಿ ಇಂಚಿನ ಜೊತೆ ಸೆಂಟಿಮೀಟರನ್ನೂ ಹಾಕಿ, ಮಕ್ಕಳಿಗೆ ಅದೇ ಗೊತ್ತಾಗೋದು ಅಂದಿದ್ದಾರೆ. 104 ಸೆಂಟಿಮೀಟರ್. ಹೊಸ ಸಾಲು ಟೈಪ್ ಮಾಡಿ ಇಟ್ಟಿದ್ದೀನಿ, ಖಾಲಿ ಮಗ್ ಬಂದ ಕೂಡಲೇ ಪ್ರೆಸ್ ಹಾಕಬೇಕು.